ನಗೆಗೆ ಹಣ ಕೊಡುವವರು ಯಾರು

ಬ್ರಿಟಿಷರು ಮುಖದ ಒಂದು ಗೆರೆಯನ್ನೂ ಕದಲಿಸದೆ ನಗಿಸುತ್ತಾರೆ, ಅಮೆರಿಕದವರಿಗೆ ಮಾತುಮಾತಿಗೂ ನಗೆ ಸಿಡಿಯಬೇಕು, ಜರ್ಮನರಿಗೆ ನಗುವುದೇ ಗೊತ್ತಿಲ್ಲ, ನಮ್ಮವರಿಗೆ ಗಂಡಸೊಬ್ಬ ಸೀರೆ ಉಟ್ಟು ಬಂದರೆ ಸಾಕು ಎಂಬ ಮಾತನ್ನು ತುಮಕೂರಿನ ಸಾಹಿತ್ಯಾಸಕ್ತ ಗೆಳೆಯರ ಬಾಯಲ್ಲೂ ನಾನು ಆಗಾಗ ಕೇಳುತ್ತೇನೆ. ಹಾಸ್ಯಪ್ರಜ್ಞೆಯೆಂಬುದು ಆಯಾ ಜನರ ಹುಟ್ಟುಗುಣ, ಅದು ಬದಲಾಗುವಂಥದ್ದಲ್ಲ ಎಂಬುದು ಈ ಮಾತಿನ ಹಿಂದಿರುವ ನಂಬಿಕೆ. ನಾನು ಇದನ್ನು ಒಪ್ಪುವುದಿಲ್ಲ. ಬೇರೆ ಬೇರೆ ದೇಶಗಳ ಟೆಲಿವಿಷನ್ ಹಾಸ್ಯವನ್ನು ಬಹುಕಾಲದಿಂದ ಆಸೆಪಟ್ಟು ನೋಡುತ್ತ, ಅದು ತಯಾರಾದ ಬಗೆಯನ್ನು ಓದುತ್ತ ಬಂದಿರುವ ನನಗೆ, ಒಂದು ದೇಶದ ಹಾಸ್ಯ ಎಂದು ನಾವು ಗುರುತಿಸುವುದರಲ್ಲಿ ಬಹುಪಾಲನ್ನು ರೂಪಿಸಿದ್ದು ಆ ದೇಶದ ಪ್ರಸಾರ ವ್ಯವಸ್ಥೆ ಎಂದು ಖಚಿತವಾಗಿ ಅನ್ನಿಸಿದೆ. ಹಣ ಎಲ್ಲಿಂದ ಬರುತ್ತದೆ, ಎಷ್ಟು ಕಂತು ಬರೆಯಬೇಕು, ಯಾರ ಒಪ್ಪಿಗೆ ಬೇಕು ಎಂಬ ಪ್ರಶ್ನೆಗಳ ಉತ್ತರ ಬದಲಾದರೆ ನಗೆಯ ಸ್ವರೂಪವೂ ಬದಲಾಗುತ್ತದೆ.

ಒಂದೇ ಕಾರ್ಯಕ್ರಮವನ್ನು ಎರಡು ದೇಶಗಳು ಎರಡು ರೀತಿಯಲ್ಲಿ ಕೇಳಿಸಿಕೊಂಡ ಪ್ರಸಂಗವೇ ಇದಕ್ಕೆ ಒಳ್ಳೆಯ ಸಾಕ್ಷಿ. ಕೊರಿಯಾ ಯುದ್ಧಕಾಲದ ಅಮೆರಿಕನ್ ಸೇನಾ ಆಸ್ಪತ್ರೆಯೊಂದರ ವೈದ್ಯರನ್ನು ಕುರಿತ ‘ಮ್ಯಾಶ್’ ಎಂಬ ಸರಣಿ ಅಲ್ಲಿನ ಸಿಬಿಎಸ್ ವಾಹಿನಿಯಲ್ಲಿ 1972ರಿಂದ 1983ರವರೆಗೆ ಪ್ರಸಾರವಾಯಿತು. ಅದನ್ನು ತಯಾರಿಸಿದವರಿಗೆ ಮಾತುಗಳ ನಡುವೆ ಧ್ವನಿಮುದ್ರಿತ ನಗುವನ್ನು ಸೇರಿಸುವುದು ಬೇಕಿರಲಿಲ್ಲ. ಜಾಹೀರಾತಿನಿಂದ ನಡೆಯುವ ವಾಹಿನಿಯಾದರೋ, ನಗು ಕೇಳಿಸದಿದ್ದರೆ ಅದು ಹಾಸ್ಯವೆಂದು ಪ್ರೇಕ್ಷಕರಿಗೆ ತಿಳಿಯುವುದಿಲ್ಲವೆಂದು ಪಟ್ಟು ಹಿಡಿಯಿತು. ಕೊನೆಗೆ ಆಪರೇಷನ್ ಥಿಯೇಟರಿನ ದೃಶ್ಯಗಳಿಗೆ ಮಾತ್ರ ನಗು ಬೇಡ, ಉಳಿದೆಡೆ ಇರಲಿ ಎಂಬ ಒಪ್ಪಂದವಾಯಿತು. ಇದೇ ಸರಣಿಯನ್ನು ಬ್ರಿಟನ್ನಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಬಿಬಿಸಿ ತನ್ನ ಎರಡನೆಯ ವಾಹಿನಿಯಲ್ಲಿ ತೋರಿಸಿದಾಗ ಆ ನಗುವನ್ನು ತೆಗೆದುಹಾಕಿತು. ಅದೇ ನಟರು, ಅದೇ ಮಾತು. ಆದರೆ ಅಮೆರಿಕದವರು ಕಂಡದ್ದು ಚಟಪಟ ಮಾತಿನ ಹಾಸ್ಯ, ಬ್ರಿಟಿಷರು ಕಂಡದ್ದು ಸಾವಿನ ಅಂಚಿನಲ್ಲಿ ನಿಂತು ತಮಾಷೆ ಮಾಡುವ ದಣಿದ ಮನುಷ್ಯರ ಕತೆ. ಎರಡನ್ನೂ ನೋಡಲು ಸಾಧ್ಯವಿರುವವರು ಒಂದೇ ಕಂತನ್ನು ಎರಡು ಬಗೆಯಲ್ಲೂ ನೋಡಬೇಕು. ನಗುವಿಗಾಗಿ ಬಿಟ್ಟ ಅಂತರ ಮೌನವಾಗಿ ಉಳಿದಾಗ ಆ ಮಾತಿನ ಅರ್ಥವೇ ಬೇರೆಯಾಗುತ್ತದೆ.

ಬಿಬಿಸಿಗೆ ಹಾಗೆ ಮಾಡುವ ಧೈರ್ಯ ಬಂದದ್ದು ಅದರ ಆದಾಯದ ಮೂಲದಿಂದ. 1922ರಲ್ಲಿ ಕಂಪನಿಯಾಗಿ ಆರಂಭವಾಗಿ 1927ರ ಮೊದಲ ದಿನದಿಂದ ಸಾರ್ವಜನಿಕ ನಿಗಮವಾದ ಆ ಸಂಸ್ಥೆಗೆ, ಟಿವಿ ನೋಡುವ ಮನೆಗಳು ಕಟ್ಟುವ ಪರವಾನಗಿ ಶುಲ್ಕವೇ ಮುಖ್ಯ ಆಧಾರ. 2025ರ ಏಪ್ರಿಲ್‌ನಲ್ಲಿ ಅದನ್ನು ವರ್ಷಕ್ಕೆ 174.50 ಪೌಂಡಿಗೆ ಏರಿಸಲಾಯಿತು. ದೇಶದೊಳಗಿನ ಅದರ ವಾಹಿನಿಗಳಲ್ಲಿ ಜಾಹೀರಾತಿಲ್ಲ. ಹೀಗಾಗಿ ಒಬ್ಬಿಬ್ಬರು ಬರಹಗಾರರು ಕುಳಿತು ಆರೇ ಆರು ಕಂತು ಬರೆಯುವುದು, ಅವು ಚೆನ್ನಾಗಿ ಬಂದರೆ ಕೆಲವು ವರ್ಷ ಬಿಟ್ಟು ಇನ್ನಾರು ಬರೆಯುವುದು ಅಲ್ಲಿ ರೂಢಿಯಾಯಿತು. ಜಾನ್ ಕ್ಲೀಸ್ ಮತ್ತು ಕಾನಿ ಬೂತ್ ಬರೆದ ‘ಫಾಲ್ಟಿ ಟವರ್ಸ್’ 1975ರಲ್ಲಿ ಆರು, 1979ರಲ್ಲಿ ಆರು, ಒಟ್ಟು ಹನ್ನೆರಡು ಕಂತಿಗೆ ಮುಗಿಯಿತು. ಅದರ ಮೊದಲ ಹಸ್ತಪ್ರತಿಯನ್ನು ಓದಿದ ಬಿಬಿಸಿಯೊಳಗಿನ ಒಬ್ಬರು ಇದು ಸವಕಲು ಪಾತ್ರಗಳ ಕಂತೆ, ಖಂಡಿತ ಸೋಲುತ್ತದೆ ಎಂದು ಟಿಪ್ಪಣಿ ಬರೆದಿದ್ದರು. ಆದರೂ ಅದು ತಯಾರಾಯಿತು. ಸೋತರೆ ಆರು ಅರ್ಧಗಂಟೆಗಳಷ್ಟೇ ನಷ್ಟವೆನ್ನುವ ವ್ಯವಸ್ಥೆಯಲ್ಲಿ ಇಂಥ ಟಿಪ್ಪಣಿಯನ್ನು ಮೀರಿ ನಡೆಯಬಹುದು.

ಅಮೆರಿಕದಲ್ಲಿ ಲೆಕ್ಕ ಬೇರೆ. ಅಲ್ಲಿನ ದೊಡ್ಡ ವಾಹಿನಿಗಳ ಹಾಸ್ಯ ಸರಣಿ ವರ್ಷಕ್ಕೆ ಇಪ್ಪತ್ತಕ್ಕೂ ಹೆಚ್ಚು ಕಂತು ಕೊಡಬೇಕಾಗಿತ್ತು, ಜಾಹೀರಾತು ಕಳೆದು ಅರ್ಧ ಗಂಟೆಯಲ್ಲಿ ಉಳಿಯುತ್ತಿದ್ದದ್ದು ಸುಮಾರು ಇಪ್ಪತ್ತೆರಡು ನಿಮಿಷ, ಹತ್ತಿರ ಹತ್ತಿರ ನೂರು ಕಂತುಗಳಾದರೆ ಮಾತ್ರ ಮರುಪ್ರಸಾರದ ಹಕ್ಕನ್ನು ಸ್ಥಳೀಯ ಕೇಂದ್ರಗಳಿಗೆ ಮಾರಿ ನಿಜವಾದ ಲಾಭ ಮಾಡಬಹುದಿತ್ತು. ನೂರು ಕಂತು ಬೇಕೆಂದಾಗ ಒಂದು ಕೋಣೆಯ ತುಂಬ ಬರಹಗಾರರು ಬೇಕಾಗುತ್ತಾರೆ. ವರ್ಷಗಟ್ಟಲೆ ಪ್ರತಿವಾರ ಮನೆಗೆ ಬರಮಾಡಿಕೊಳ್ಳುವಂಥ, ಪ್ರೇಕ್ಷಕರಿಗೆ ಇಷ್ಟವಾಗುವಂಥ ಪಾತ್ರಗಳೂ ಬೇಕಾಗುತ್ತವೆ. ರಿಕಿ ಜರ್ವೇಸ್ ಮತ್ತು ಸ್ಟೀಫನ್ ಮರ್ಚೆಂಟ್ ಅವರ ‘ದಿ ಆಫೀಸ್’ ಬಿಬಿಸಿಯಲ್ಲಿ 2001ರಿಂದ 2003ರ ನಡುವೆ ಹನ್ನೆರಡು ಕಂತು ಮತ್ತು ಒಂದು ಕ್ರಿಸ್‌ಮಸ್ ವಿಶೇಷವಾಗಿ ಬಂತು. ಅದರ ನಾಯಕ ಡೇವಿಡ್ ಬ್ರೆಂಟ್ ತನ್ನನ್ನು ಎಲ್ಲರೂ ಮೆಚ್ಚುತ್ತಾರೆಂದು ನಂಬಿದ, ಯಾರೂ ಮೆಚ್ಚದ ಮೇಲಧಿಕಾರಿ. ಕೊನೆಗೆ ಕೆಲಸ ಕಳೆದುಕೊಳ್ಳುತ್ತಾನೆ. ಎನ್‌ಬಿಸಿಯ ಅಮೆರಿಕನ್ ಆವೃತ್ತಿ 2005ರಲ್ಲಿ ಇದನ್ನೇ ಹೆಚ್ಚುಕಡಿಮೆ ಅನುಸರಿಸಿ ಆರಂಭವಾಯಿತು, ಮೊದಲ ಆರು ಕಂತುಗಳಿಗೆ ಸಿಕ್ಕ ಸ್ವಾಗತ ಅಷ್ಟಕ್ಕಷ್ಟೇ. ಎರಡನೆಯ ವರ್ಷದಿಂದ ಅಲ್ಲಿನ ಮೇಲಧಿಕಾರಿ ಮೈಕೆಲ್ ಸ್ಕಾಟ್‌ನ ಸ್ವಭಾವವನ್ನು ಮೃದುಗೊಳಿಸಿದರು, ಅವನ ಒಂಟಿತನವನ್ನು ಕಾಣಿಸಿದರು, ಅವನ ಕೈಕೆಳಗಿನವರಿಗೂ ಅವನ ಮೇಲೆ ಒಂದಿಷ್ಟು ಅಕ್ಕರೆ ಹುಟ್ಟಿಸಿದರು. ಸರಣಿ 2013ರವರೆಗೆ 201 ಕಂತು ನಡೆಯಿತು. ಬ್ರಿಟಿಷರು ಸೋಲನ್ನು ಇಷ್ಟಪಡುತ್ತಾರೆ, ಅಮೆರಿಕದವರು ಗೆಲುವನ್ನು ಇಷ್ಟಪಡುತ್ತಾರೆ ಎಂದು ಈ ಎರಡನ್ನು ಎದುರುಬದುರು ಇಟ್ಟು ಹೇಳುವವರಿದ್ದಾರೆ. ಆ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಹನ್ನೆರಡು ಕಂತಿನ ಮಟ್ಟಿಗೆ ಸಹಿಸಬಹುದಾದ ಮನುಷ್ಯನನ್ನು ಇನ್ನೂರು ಕಂತು ಸಹಿಸಲು ಯಾವ ದೇಶದವರಿಗೂ ಆಗುವುದಿಲ್ಲ ಎಂಬುದನ್ನು ಮೊದಲು ಗಮನಿಸಬೇಕು.

ಜರ್ಮನರಿಗೆ ನಗು ಬಾರದೆಂಬ ಅಪವಾದಕ್ಕೆ ಉತ್ತರವಾಗಿ ನಾನು ಯಾವಾಗಲೂ ಹೇಳುವುದು ‘ಡಿನ್ನರ್ ಫಾರ್ ಒನ್’ ಎಂಬ ಹದಿನೆಂಟು ನಿಮಿಷದ ಪ್ರಹಸನದ ಸಂಗತಿ. ತೊಂಬತ್ತನೆಯ ಹುಟ್ಟುಹಬ್ಬದ ಊಟಕ್ಕೆ ಕುಳಿತ ಮಿಸ್ ಸೋಫಿ ಎಂಬ ಮುದುಕಿಯ ಮೇಜಿನ ಸುತ್ತ ಇನ್ನೂ ನಾಲ್ಕು ಕುರ್ಚಿಗಳಿವೆ, ಆದರೆ ಆ ನಾಲ್ವರು ಗೆಳೆಯರೂ ಸತ್ತು ಬಹಳ ಕಾಲವಾಗಿದೆ. ಮುದಿ ಬಟ್ಲರ್ ಪ್ರತಿ ಬಡಿಸುವಿಕೆಗೂ ಆ ನಾಲ್ವರ ಪರವಾಗಿ ತಾನೇ ಮದ್ಯ ಕುಡಿಯುತ್ತ, ನೆಲದ ಮೇಲಿನ ಹುಲಿಚರ್ಮದ ತಲೆಗೆ ಎಡವುತ್ತ, ಊಟ ಮುಗಿಯುವ ಹೊತ್ತಿಗೆ ನಿಲ್ಲಲಾರದಂತಾಗುತ್ತಾನೆ. ಫ್ರೆಡ್ಡಿ ಫ್ರಿಂಟನ್ ಮತ್ತು ಮೇ ವಾರ್ಡೆನ್ ಎಂಬ ಬ್ರಿಟಿಷ್ ನಟರ ಈ ಇಂಗ್ಲಿಷ್ ಪ್ರಹಸನವನ್ನು ಉತ್ತರ ಜರ್ಮನಿಯ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಡಿಆರ್ 1963ರಲ್ಲಿ ಹ್ಯಾಂಬರ್ಗಿನಲ್ಲಿ ಮುದ್ರಿಸಿಕೊಂಡಿತು, 1972ರಿಂದ ಪ್ರತಿವರ್ಷ ಡಿಸೆಂಬರ್ 31ರಂದು ತೋರಿಸುತ್ತ ಬಂದಿತು. ಇಂದು ಜರ್ಮನ್ ಮನೆಗಳಲ್ಲಿ ಅದನ್ನು ನೋಡದೆ ಹೊಸ ವರ್ಷ ಬರುವುದಿಲ್ಲ ಎನ್ನಬಹುದು. ನಾರ್ವೆಯವರು ಅದನ್ನೇ ಡಿಸೆಂಬರ್ 23ರಂದು ನೋಡುತ್ತಾರೆ. ಬ್ರಿಟನ್ನಿನ ಟಿವಿಯಲ್ಲಿ ಅದು ಪೂರ್ತಿಯಾಗಿ ಬಂದದ್ದು 2018ರಲ್ಲಿ. ಬ್ರಿಟಿಷ್ ಭಾಷೆ, ಬ್ರಿಟಿಷ್ ನಟರು, ಬ್ರಿಟಿಷ್ ಶ್ರೀಮಂತಿಕೆಯ ಅಣಕ ಎಲ್ಲವೂ ಸೇರಿ ಆದದ್ದು ಜರ್ಮನರ ಹಾಸ್ಯ, ಏಕೆಂದರೆ ಅದನ್ನು ತಾಳ್ಮೆಯಿಂದ ವರ್ಷವರ್ಷವೂ ತೋರಿಸಿ ಜನರ ಹಬ್ಬದ ಭಾಗವಾಗಿಸಿದ ಸಂಸ್ಥೆ ಅವರಲ್ಲಿತ್ತು. ನಾನು ಇದನ್ನು ನಮ್ಮ ನಾಟಕ ತಂಡದ ಹುಡುಗರಿಗೆ ತೋರಿಸಿದಾಗ ಇಂಗ್ಲಿಷ್ ಅಷ್ಟಾಗಿ ಬಾರದವರೇ ಮೊದಲು ನಕ್ಕರು. ಕಂಪನಿ ನಾಟಕ ನೋಡಿ ಬೆಳೆದವರಿಗೆ ಕುಡಿದವನ ಕಾಲು ಎಲ್ಲಿ ತೊಡರುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಯಾರನ್ನು ನೋಡಿ ನಗುತ್ತೇವೆ ಎಂಬುದು ಇನ್ನೊಂದು ವಿಷಯ, ಮತ್ತು ಇಲ್ಲಿ ನನಗೆ ನೋವೂ ಇದೆ. ‘ಫಾಲ್ಟಿ ಟವರ್ಸ್’ನಲ್ಲಿ ಬಾರ್ಸಿಲೋನಾದಿಂದ ಬಂದ ಮ್ಯಾನುಯೆಲ್ ಎಂಬ ಸ್ಪ್ಯಾನಿಷ್ ಮಾಣಿಯ ಇಂಗ್ಲಿಷ್ ಬಾರದ ಪೇಚಾಟವೇ ನಗೆಯ ಒಂದು ದೊಡ್ಡ ಮೂಲ. ಆ ಪಾತ್ರ ಮಾಡಿದ ಆಂಡ್ರ್ಯೂ ಸ್ಯಾಕ್ಸ್ ಬರ್ಲಿನ್ನಿನಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ಹುಡುಗನಾಗಿದ್ದಾಗ ಬ್ರಿಟನ್ನಿಗೆ ಬಂದು ಸೇರಿದವರು ಎಂಬುದನ್ನೂ ಹೇಳಬೇಕು. ಸರಣಿಯನ್ನು ಸ್ಪೇನಿನಲ್ಲಿ ಸ್ಪ್ಯಾನಿಷ್‌ಗೆ ಡಬ್ ಮಾಡಿದಾಗ ಮ್ಯಾನುಯೆಲ್‌ನನ್ನು ಪಾವ್ಲೊ ಎಂಬ ಇಟಲಿಯವನನ್ನಾಗಿ ಮಾಡಿದರು. ಕ್ಯಾಟಲಾನ್ ಭಾಷೆಯ ವಾಹಿನಿಯಲ್ಲಿ ಅವನು ಮೆಕ್ಸಿಕೊದವನಾದ. ತಮ್ಮವನನ್ನು ನೋಡಿ ನಗಲು ಯಾರಿಗೂ ಮನಸ್ಸಿಲ್ಲ, ಪಕ್ಕದವನಾದರೆ ಅಡ್ಡಿಯಿಲ್ಲ. ನಮ್ಮ ಖಾಸಗಿ ವಾಹಿನಿಗಳ ಹಾಸ್ಯದಲ್ಲಿ ಆ ಪಕ್ಕದವನ ಜಾಗದಲ್ಲಿ ಎಷ್ಟೋ ಸಲ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ತೆಲುಗು ಬೆರೆತ ಕನ್ನಡ ಮಾತಾಡುವವನೋ, ಉತ್ತರ ಕರ್ನಾಟಕದವನೋ, ಮಂಗಳೂರಿನವನೋ ನಿಂತಿರುತ್ತಾನೆ. ನನ್ನ ತಾಯಿಯ ತವರು ಶ್ರೀನಿವಾಸಪುರ. ಆ ಮನೆಯಲ್ಲಿ ಅಜ್ಜಿ ಕತೆಯನ್ನು ಕನ್ನಡದಲ್ಲಿ ಶುರುಮಾಡಿ, ಕತೆಯೊಳಗಿನ ಜಗಳವನ್ನು ತೆಲುಗಿನಲ್ಲಿ ಆಡಿಸಿ, ತೀರ್ಪನ್ನು ಮತ್ತೆ ಕನ್ನಡದಲ್ಲಿ ಹೇಳುತ್ತಿದ್ದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದದ್ದು ಜಗಳಗಂಟರ ಜಿಪುಣತನಕ್ಕೆ, ಹಟಕ್ಕೆ. ಅವರ ಉಚ್ಚಾರಣೆಗೆ ಅಲ್ಲ. ಒಬ್ಬರ ಮಾತಿನ ಧಾಟಿಯನ್ನು ಅಣಕಿಸುವುದಕ್ಕೆ ಬರಹಗಾರನೇ ಬೇಕಾಗಿಲ್ಲ, ಹೀಗಾಗಿ ಅದು ಅಗ್ಗ. ಪ್ರತಿವಾರ ತುಂಬಿಸಬೇಕಾದ ಗಂಟೆಗಳು ಹೆಚ್ಚಿದ್ದಷ್ಟೂ ಅಗ್ಗದ್ದೇ ಹೆಚ್ಚುತ್ತದೆ.

ಗಡಿ ದಾಟಲು ಏನೂ ತೊಂದರೆಯಾಗದ ಹಾಸ್ಯವೂ ಇದೆ. ಆಂಟನಿ ಜೇ ಮತ್ತು ಜೊನಾಥನ್ ಲಿನ್ ಬರೆದ ‘ಯೆಸ್ ಮಿನಿಸ್ಟರ್’ ಬಿಬಿಸಿಯಲ್ಲಿ 1980ರಿಂದ 1984ರವರೆಗೆ, ಅದರ ಮುಂದುವರಿಕೆ ‘ಯೆಸ್ ಪ್ರೈಮ್ ಮಿನಿಸ್ಟರ್’ 1986ರಿಂದ 1988ರವರೆಗೆ ಬಂದವು. ಏನನ್ನಾದರೂ ಮಾಡಬೇಕೆಂದು ಹೊರಡುವ ಮಂತ್ರಿ, ಏನೂ ಆಗದಂತೆ ನೋಡಿಕೊಳ್ಳುವ ಕಾರ್ಯದರ್ಶಿ, ಇಬ್ಬರ ನಡುವೆ ಸಿಕ್ಕಿಕೊಂಡ ಆಪ್ತ ಸಹಾಯಕ, ಈ ಮೂವರೇ ಅದರ ಜೀವಾಳ. ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ನಮ್ಮ ಸೋದರಮಾವನವರ ಜೊತೆ ಕುಳಿತು, ಅಲ್ಲಲ್ಲಿ ನಿಲ್ಲಿಸಿ ಅರ್ಥ ಹೇಳುತ್ತ ನಾನು ಇದನ್ನು ನೋಡಿದ್ದೇನೆ. ಸ್ವಲ್ಪ ಹೊತ್ತಿನಲ್ಲೇ ಅರ್ಥ ಹೇಳುವ ಕೆಲಸ ಅವರದಾಯಿತು. “ನೋಡಪ್ಪ, ಈಗ ಆ ಕಾರ್ಯದರ್ಶಿ ‘ನಿಯಮಾನುಸಾರ ಪರಿಶೀಲಿಸಲಾಗುವುದು’ ಅಂತ ಹಿಂಬರಹ ಕೊಡ್ತಾನೆ, ಅಲ್ಲಿಗೆ ಆ ಕಡತ ಮುಗೀತು” ಎಂದು ಅವರು ಮುಂಚಿತವಾಗಿಯೇ ಹೇಳಿದ್ದು ಹೆಚ್ಚುಕಡಿಮೆ ಹಾಗೆಯೇ ನಡೆಯಿತು. ಬ್ರಿಟಿಷರು ಬಿಟ್ಟುಹೋದ ಆಡಳಿತ ಪದ್ಧತಿಯ ಜೊತೆಗೆ ಅದನ್ನು ಕುರಿತು ನಗುವ ಅಧಿಕಾರವೂ ನಮಗೆ ಬಂದಿದೆ.

ಆ ಸರಣಿಯ ಬಗ್ಗೆ ನನಗಿರುವ ದೊಡ್ಡ ಗೌರವ ಬೇರೆ ಕಾರಣಕ್ಕೆ. ಜನರಿಂದ ಕಡ್ಡಾಯವಾಗಿ ಸಂಗ್ರಹಿಸಿದ ಹಣದಲ್ಲಿ, ಅಧಿಕಾರದಲ್ಲಿರುವ ಸರ್ಕಾರದ ಕಾರ್ಯವೈಖರಿಯನ್ನು, ಆ ಸರ್ಕಾರ ಇರುವಾಗಲೇ, ಒಂದು ಸಾರ್ವಜನಿಕ ಸಂಸ್ಥೆ ಅಣಕಿಸಿತು. ಮಂತ್ರಿಯ ಪಕ್ಷ ಯಾವುದೆಂದು ಕೊನೆಯವರೆಗೂ ಹೇಳದೆ, ನಗೆ ಒಂದು ಪಕ್ಷದ ಮೇಲೆ ಬೀಳದಂತೆ ಎಚ್ಚರ ವಹಿಸಿತು. ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಅವರೇ ಅದರ ಅಭಿಮಾನಿಯಾಗಿ 1984ರ ಒಂದು ಪ್ರಶಸ್ತಿ ಸಮಾರಂಭದಲ್ಲಿ ಅದರ ನಟರೊಂದಿಗೆ ಪುಟ್ಟ ದೃಶ್ಯವೊಂದರಲ್ಲಿ ಅಭಿನಯಿಸಿದರು. ಭಾರತದಲ್ಲಿ ಇದರ ಹಿಂದಿ ರೂಪ ‘ಜೀ ಮಂತ್ರೀಜಿ’ 2001ರಲ್ಲಿ ಫಾರೂಕ್ ಶೇಖ್ ಅವರನ್ನು ಮಂತ್ರಿಯಾಗಿಸಿಕೊಂಡು ಬಂತು, ಆದರೆ ಬಂದದ್ದು ಖಾಸಗಿ ಸ್ಟಾರ್ ಪ್ಲಸ್ ವಾಹಿನಿಯಲ್ಲಿ. ಹಾಗೆಂದು ನಮ್ಮ ದೂರದರ್ಶನ ಇಂಥದ್ದನ್ನು ಮಾಡಿಯೇ ಇಲ್ಲವೆಂದರೆ ಅನ್ಯಾಯವಾಗುತ್ತದೆ. 1989ರಲ್ಲಿ ಜಸ್ಪಾಲ್ ಭಟ್ಟಿ ಅವರ ‘ಫ್ಲಾಪ್ ಶೋ’ ಹತ್ತೇ ಕಂತುಗಳಲ್ಲಿ ವೈದ್ಯಕೀಯ ವೆಚ್ಚದ ಸುಳ್ಳು ಬಿಲ್ಲು, ಕಳಪೆ ಕಾಮಗಾರಿಯ ಗುತ್ತಿಗೆದಾರ, ಪಿಎಚ್‌ಡಿ ವಿದ್ಯಾರ್ಥಿಯನ್ನು ಮನೆಗೆಲಸಕ್ಕೆ ಹಚ್ಚುವ ಮಾರ್ಗದರ್ಶಕರನ್ನು ಎಳೆದು ತಂದು ನಿಲ್ಲಿಸಿತು. ಹತ್ತು ಕಂತು ಎಂಬುದನ್ನು ಮರೆಯಬಾರದು. ಇವತ್ತಿಗೂ ಜನ ಅದನ್ನು ನೆನೆಯುತ್ತಾರೆ.

ದೂರದರ್ಶನದ ಆ ಕಾಲವೇ ಒಂದು ವಿಶೇಷ ಸಂಧಿಕಾಲ. ಮೊದಲು ನಮ್ಮಲ್ಲೂ ರೇಡಿಯೊ ಮತ್ತು ಟಿವಿಗೆ ಪರವಾನಗಿ ಇತ್ತು, ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಪುಸ್ತಕಕ್ಕೆ ಮುದ್ರೆ ಒತ್ತಿಸಿಕೊಂಡು ಬರಬೇಕಾಗಿತ್ತು. 1980ರ ದಶಕದ ನಡುವಿನಲ್ಲಿ ಅದನ್ನು ಕೈಬಿಟ್ಟರು. ಅದೇ ಹೊತ್ತಿಗೆ, 1984ರ ‘ಹಮ್ ಲೋಗ್’ನಿಂದ ಮೊದಲುಗೊಂಡು, ಪ್ರಾಯೋಜಕರ ಹಣದಲ್ಲಿ ಧಾರಾವಾಹಿಗಳು ಬರತೊಡಗಿದವು. ವಾಹಿನಿ ಒಂದೇ ಇದ್ದದ್ದರಿಂದ ಪೈಪೋಟಿ ಇರಲಿಲ್ಲ, ರಂಗಭೂಮಿ ಮತ್ತು ಸಿನಿಮಾ ಶಾಲೆಗಳಿಂದ ಬಂದ ಕಲಾವಿದರಿಗೆ ಕೆಲಸ ಬೇಕಿತ್ತು. 1984ರ ‘ಯೆ ಜೋ ಹೈ ಜಿಂದಗಿ’ಯಲ್ಲಿ ಸತೀಶ್ ಶಾ ಕಂತಿಗೊಂದು ಹೊಸ ಪಾತ್ರವಾಗಿ ಬರುತ್ತಿದ್ದರು. 1988ರ ‘ವಾಗ್ಲೆ ಕಿ ದುನಿಯಾ’ದ ಗುಮಾಸ್ತನನ್ನು ಕಲ್ಪಿಸಿದವರು ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್, ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಹಾಸ್ಯ ಮಾಸಪತ್ರಿಕೆಗೆ ಎಳೆಯ ವಯಸ್ಸಿನಲ್ಲೇ ಚಿತ್ರ ಬರೆದವರು. ಲಕ್ಷ್ಮಣ್ ಅವರ ಅಣ್ಣ ಆರ್.ಕೆ. ನಾರಾಯಣ್ ಅವರ ಕತೆಗಳನ್ನು ಆಧರಿಸಿ ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಕುರಿತು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಆದರೆ ಒಂದು ವಿಷಯವನ್ನು ಹೇಳಲೇಬೇಕು: ಕನ್ನಡದ ನೆಲದಲ್ಲಿ, ಕನ್ನಡದ ನಟರನ್ನೇ ಹೆಚ್ಚಾಗಿ ಇಟ್ಟುಕೊಂಡು ಮಾಡಿದ ಆ ತಿಳಿಹಾಸ್ಯ ಸಾರ್ವಜನಿಕ ಪ್ರಸಾರದಲ್ಲಿ ದೇಶಕ್ಕೆ ತಲುಪಿದ್ದು ಹಿಂದಿಯಲ್ಲಿ. ಆ ಮಟ್ಟದ ಹಣ, ಸಮಯ, ನಂಬಿಕೆಯನ್ನು ದೂರದರ್ಶನ ಕನ್ನಡದ ಹಾಸ್ಯಕ್ಕೆ ಕೊಡಲಿಲ್ಲ.

ಕೊಟ್ಟಿದ್ದರೆ ತೆಗೆದುಕೊಳ್ಳುವವರಿಗೆ ನಮ್ಮ ಜಿಲ್ಲೆಯಲ್ಲೇ ಕೊರತೆಯಿರಲಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ನಾಡಿನ ಮನೆಮಾತಾಗಿಸಿದ ಗುಬ್ಬಿ ವೀರಣ್ಣನವರು ‘ಸದಾರಮೆ’ಯ ಕಳ್ಳನಾಗಿ ಪ್ರೇಕ್ಷಕರನ್ನು ನಗಿಸಿದವರು, ಹಾಸ್ಯ ಚಕ್ರವರ್ತಿಯೆನಿಸಿದ ನರಸಿಂಹರಾಜು ತಿಪಟೂರಿನವರು, ಅವರೂ ಕಂಪನಿ ನಾಟಕಗಳಲ್ಲೇ ಪಳಗಿದವರು. ಊರೂರು ತಿರುಗುವ ಕಂಪನಿಯ ಹಾಸ್ಯನಟನಿಗೆ ಆಯಾ ಊರಿನ ಸಂಗತಿಯನ್ನು ಅಲ್ಲಲ್ಲೇ ಸೇರಿಸಿ ಮಾತಾಡುವ ಸ್ವಾತಂತ್ರ್ಯವಿತ್ತು, ಟಿಕೆಟ್ ಕೊಂಡು ಬಂದವರು ಅದನ್ನೇ ಬಯಸುತ್ತಿದ್ದರು. ಟಿವಿಗೆ ಬಂದಾಗ ಈ ಗುಣ ಕಳೆದುಹೋಯಿತು. ಸಿಹಿಕಹಿ ಚಂದ್ರು ಅವರ ‘ಪಾ ಪ ಪಾಂಡು’, ಆಮೇಲಿನ ‘ಸಿಲ್ಲಿ ಲಲ್ಲಿ’ ಈಟಿವಿಯಲ್ಲಿ ನಮ್ಮನ್ನು ಚೆನ್ನಾಗಿ ನಗಿಸಿದವು ನಿಜ. ವಾರಕ್ಕೆ ಐದು ದಿನ ಕಂತು ಕೊಡಬೇಕಾದ ಒತ್ತಡದಲ್ಲಿ ಅಷ್ಟು ಒಳ್ಳೆಯ ಹಾಸ್ಯ ಹುಟ್ಟಿದ್ದನ್ನು ನಾನು ದೊಡ್ಡ ಸಾಧನೆ ಎಂದೇ ಎಣಿಸುತ್ತೇನೆ. ಆ ಬರಹಗಾರರಿಗೆ ವರ್ಷಕ್ಕೆ ಆರು ಕಂತು ಬರೆಯಲು ಬಿಟ್ಟಿದ್ದರೆ ಏನು ಬರೆಯುತ್ತಿದ್ದರು ಎಂದು ಯೋಚಿಸಿದಾಗ ಮನಸ್ಸಿಗೆ ಕಷ್ಟವಾಗುತ್ತದೆ.

ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಿಂದ ನಡೆಯುತ್ತಿದೆ. ದೂರದರ್ಶನವನ್ನು ಸ್ವಾಯತ್ತ ಸಂಸ್ಥೆಯೊಂದರ ಕೈಗೊಪ್ಪಿಸುವ ಪ್ರಸಾರ ಭಾರತಿ ಕಾಯ್ದೆ 1990ರಲ್ಲಿ ಅಂಗೀಕಾರವಾಗಿ 1997ರಲ್ಲಿ ಜಾರಿಗೆ ಬಂದಿದೆ. ಚಂದನ ವಾಹಿನಿಯ ಶಕ್ತಿ ಏನೆಂಬುದಕ್ಕೆ ಡಾ. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದ, ಸರಿಯುತ್ತರಕ್ಕೆ ಪುಸ್ತಕ ಕೊಡುವ ‘ಥಟ್ ಅಂತ ಹೇಳಿ’ಯೇ ಸಾಕ್ಷಿ. ಅಬ್ಬರವಿಲ್ಲದೆ, ದೊಡ್ಡ ಬಹುಮಾನವಿಲ್ಲದೆ, ಸಾವಿರಾರು ಕಂತುಗಳ ಕಾಲ ಜನರನ್ನು ಹಿಡಿದಿಟ್ಟುಕೊಳ್ಳಲು ಸಾರ್ವಜನಿಕ ವಾಹಿನಿಯೊಂದಕ್ಕೆ ಸಾಧ್ಯವಿರುವಾಗ, ಅದೇ ತಾಳ್ಮೆಯನ್ನು ಹಾಸ್ಯದ ವಿಷಯದಲ್ಲಿ ತೋರಿಸಲು ಏನಡ್ಡಿ?

ನನ್ನ ಬೇಡಿಕೆ ಸ್ಪಷ್ಟವಾಗಿದೆ. ಪ್ರಾಯೋಜಕರನ್ನು ನೀವೇ ಹುಡುಕಿಕೊಂಡು ಬನ್ನಿ ಎನ್ನದೆ, ಚಂದನವೇ ಸಂಭಾವನೆ ಕೊಟ್ಟು, ವರ್ಷಕ್ಕೆ ಕೆಲವಾದರೂ ಆರಾರು ಕಂತಿನ ಹಾಸ್ಯ ಸರಣಿಗಳನ್ನು ಕನ್ನಡದ ಬೇರೆ ಬೇರೆ ಸೀಮೆಗಳ ಬರಹಗಾರರಿಂದ ಬರೆಯಿಸಬೇಕು, ಆಯಾ ಸೀಮೆಯ ಮಾತನ್ನು ತಿದ್ದದೆ ಹಾಗೆಯೇ ಆಡಿಸಬೇಕು, ಮುದ್ರಿತ ನಗುವನ್ನು ಸೇರಿಸಬಾರದು. ಕೋಲಾರದ ಎಪಿಎಂಸಿಯ ಒಂದು ಟೊಮೆಟೊ ಮಂಡಿಯನ್ನೇ ತೆಗೆದುಕೊಳ್ಳಿ. ಹದಿನೈದು ಕಿಲೋ ಬಾಕ್ಸುಗಳ ಸಾಲಿನ ನಡುವೆ ತೆಲುಗಿನಲ್ಲಿ ಕೂಗುವ ಹರಾಜಿನವನು, ಕನ್ನಡದಲ್ಲಿ ಲೆಕ್ಕ ಬರೆಯುವ ಗುಮಾಸ್ತ, ತಮಿಳುನಾಡಿನಿಂದ ಬಂದ ವ್ಯಾಪಾರಿ, ಹಿಂದಿಯಲ್ಲಿ ಫೋನು ಹಚ್ಚಿಕೊಂಡು ನಿಂತ ಲಾರಿ ಡ್ರೈವರ್, ನಿನ್ನೆ ಬಾಕ್ಸಿಗೆ ಸಿಕ್ಕ ದರ ಇವತ್ತು ಅರ್ಧಕ್ಕೆ ಬಿದ್ದದ್ದನ್ನು ನಂಬಲಾಗದೆ ಮಂಡಿ ಮಾಲೀಕನನ್ನು ಮಾತಿನಲ್ಲೇ ಹಿಡಿದು ನಿಲ್ಲಿಸುವ ರೈತ, ಇವರೆಲ್ಲರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬೇಕಾದಾಗ ಅರ್ಥವಾಗುತ್ತದೆ, ಬೇಡವಾದಾಗ ಅರ್ಥವಾಗುವುದಿಲ್ಲ. ಇಲ್ಲಿ ಯಾರ ಉಚ್ಚಾರಣೆಯೂ ನಗೆಗೆ ವಸ್ತುವಾಗಬೇಕಾಗಿಲ್ಲ. ದರ ಕೇಳಿದ ಕ್ಷಣದಲ್ಲಿ ಒಬ್ಬೊಬ್ಬರಿಗೂ ಯಾವ ಭಾಷೆ ಮರೆತುಹೋಗುತ್ತದೆ ಎಂಬುದನ್ನು ತೋರಿಸಿದರೆ ಆಯಿತು. ಇದರ ಮೊದಲ ಕಂತನ್ನು ನಾನು ಬರೆಯತೊಡಗಿದ್ದೇನೆ, ಚಂದನಕ್ಕೆ ಕಳುಹಿಸುತ್ತೇನೆ. ಕೋಲಾರ, ಶ್ರೀನಿವಾಸಪುರ, ಚಿಂತಾಮಣಿಯ ಮಂಡಿಗಳಲ್ಲಿ ಕೆಲಸ ಮಾಡಿದವರು ಈ ಬರಹವನ್ನು ಓದಿದರೆ, ಹರಾಜಿನ ಮಾತುಗಳನ್ನು ತಿದ್ದಿಕೊಡಲು ದಯವಿಟ್ಟು ನನಗೆ ಬರೆಯಿರಿ.